ನಿಂತು ಕುಡಿಯುವ ಚಹಾ: ದೇರಾದ ಖಾಯಂ ಗಿರಾಕಿಗಳು



ಕನ್ನಡದಲ್ಲಿ ‘ಖಾಯಂ’ ಎಂಬ ಪದವಿದೆ. ಖಾಯಂ ನೌಕರಿ, ಖಾಯಂ ವಿಳಾಸ, ಖಾಯಂ ಗಿರಾಕಿ. ಅರಬ್ಬಿಯಲ್ಲಿ ಹುಟ್ಟಿ ಕಚೇರಿಯ ಭಾಷೆಯ ಹೆಗಲೇರಿ ಕನ್ನಡಕ್ಕೆ ಬಂದ ಪದವಿದು. ಮೂಲದಲ್ಲಿ ಅದರ ಅರ್ಥ ‘ನಿಂತಿರುವ’ ಎಂದು. ದುಬೈನ ದೇರಾದಲ್ಲಿ ಈ ಪದ ತನ್ನ ಮೂಲಾರ್ಥಕ್ಕೆ ಮರಳಿದೆ. ಅಲ್ಲಿ ಖಾಯಂ ನೌಕರಿಯಿಲ್ಲ. ಖಾಯಂ ವಿಳಾಸವೆಂಬುದು ಊರಿನ ಪಡಿತರ ಚೀಟಿಯಲ್ಲಿ ಉಳಿದಿದೆ. ಇರುವುದು ಖಾಯಂ ಗಿರಾಕಿ ಮಾತ್ರ. ಆತ ಚಹಾ ಅಂಗಡಿಯ ಕಿಟಕಿಯ ಮುಂದೆ ಅಕ್ಷರಶಃ ನಿಂತಿದ್ದಾನೆ, ಏಕೆಂದರೆ ಅಲ್ಲಿ ಕೂರಲು ಕುರ್ಚಿಯಿಲ್ಲ.

ದುಬೈ ಖೋರಿನ ಒಂದು ದಡ ಬರ್ ದುಬೈ, ಇನ್ನೊಂದು ದಡ ದೇರಾ. ನಡುವೆ ಅಬ್ರಾ ಎಂಬ ಮರದ ದೋಣಿ. ದಾಟುವುದಕ್ಕೆ ಒಂದು ದಿರ್ಹಮ್. ದಡ ಹತ್ತಿದರೆ ಅಲ್ ರಾಸ್‌ನ ಸಾಂಬಾರ ಪದಾರ್ಥಗಳ ಸಂತೆ, ಚಿನ್ನದ ಸಂತೆ, ಅದರಾಚೆ ನಾಯಿಫ್. ಈ ಗಲ್ಲಿಗಳಲ್ಲಿ ಭಟ್ಕಳದ ನವಾಯತರಿದ್ದಾರೆ, ಕಾಸರಗೋಡಿನ ವ್ಯಾಪಾರಿಗಳಿದ್ದಾರೆ, ಉಳ್ಳಾಲ, ಬಂಟ್ವಾಳ, ಕುಂದಾಪುರಗಳಿಂದ ಬಂದ ಮಾರಾಟಗಾರರು, ಚಾಲಕರು, ಕಾವಲುಗಾರರಿದ್ದಾರೆ. ಕನ್ನಡ ಇಲ್ಲಿ ಬ್ಯಾರಿ, ತುಳು, ಕೊಂಕಣಿ, ಮಲಯಾಳಗಳ ಜೊತೆ ಭುಜಕ್ಕೆ ಭುಜ ತಾಗಿಸಿಕೊಂಡು ಬದುಕುವ ಭಾಷೆ. ಒಬ್ಬನೇ ಮನುಷ್ಯ ಚಹಾ ಕೇಳುವುದು ಮಲಯಾಳದಲ್ಲಿ, ಗೆಳೆಯನನ್ನು ಕರೆಯುವುದು ತುಳುವಿನಲ್ಲಿ, ಊರಿನ ಸುದ್ದಿ ಓದುವುದು ಕನ್ನಡದಲ್ಲಿ.

ಕಾಫಿಯ ಮರ್ಯಾದೆ ಈ ನಾಡಿನಲ್ಲಿ ದೊಡ್ಡದು. ಅರಬ್ಬರ ಕಾಫಿ ಸತ್ಕಾರವನ್ನು ಯುನೆಸ್ಕೋ 2015ರಲ್ಲಿ ಮಾನವಕುಲದ ಅಮೂರ್ತ ಪರಂಪರೆಯ ಪಟ್ಟಿಗೆ ಸೇರಿಸಿತು. ಮಜ್ಲಿಸ್‌ನಲ್ಲಿ ಕೂತ ಅತಿಥಿಯ ಪುಟ್ಟ ಬಟ್ಟಲು ಬರಿದಾದಂತೆ ಕಾಫಿ ಸುರಿಯುತ್ತಲೇ ಇರುತ್ತಾರೆ. ಸಾಕೆನಿಸಿದಾಗ ಅತಿಥಿ ಬಟ್ಟಲನ್ನು ಮೆಲ್ಲಗೆ ಅಲುಗಿಸಬೇಕು. ಆ ಕಾಫಿಯ ಹೂಜಿ, ದಲ್ಲಾ, ಒಂದು ದಿರ್ಹಮಿನ ನಾಣ್ಯದ ಮೇಲೂ ಅಚ್ಚಾಗಿದೆ. ದೇರಾದ ದುಡಿಯುವವನ ಜೇಬಿನಲ್ಲಿ ಕಾಫಿಯ ಚಿತ್ರವಿದೆ. ಬಹುಕಾಲ ಅದಕ್ಕೆ ಸಿಗುತ್ತಿದ್ದದ್ದು ಒಂದು ಕಾಗದದ ಲೋಟ ಚಹಾ. ‘ಕೆಫೆಟೇರಿಯಾ’ ಎಂದು ಫಲಕ ಹೊತ್ತ, ಹೆಚ್ಚಾಗಿ ಮಲಬಾರಿನವರು ನಡೆಸುವ ಈ ಕಿರು ಅಂಗಡಿಗಳೇ ದೇರಾದ ನಿಜವಾದ ಕಾಫಿ ಮನೆಗಳು. ಏಲಕ್ಕಿ, ಸಕ್ಕರೆ, ಡಬ್ಬಿ ಹಾಲು ಸೇರಿಸಿ ಕುದಿಸಿದ ಚಹಾಕ್ಕೆ ಅಲ್ಲಿನ ಹೆಸರು ‘ಕರಕ್’. ಅದು ಹಿಂದಿಯ ‘ಕಡಕ್’. ಕನ್ನಡದ ‘ಖಡಕ್’ನ ಒಡಹುಟ್ಟು.

ಈ ಚಹಾದ ಬೆಲೆಯನ್ನು ಒಮ್ಮೆ ರೂಪಾಯಿಯಲ್ಲೇ ಕೊಡುತ್ತಿದ್ದರು. 1966ರವರೆಗೆ ದುಬೈನಲ್ಲಿ ಚಲಾವಣೆಯಲ್ಲಿದ್ದದ್ದು ಭಾರತದ ರಿಸರ್ವ್ ಬ್ಯಾಂಕು ಕೊಲ್ಲಿಗೆಂದೇ ಮುದ್ರಿಸಿದ ರೂಪಾಯಿ. ಆ ವರ್ಷ ರೂಪಾಯಿ ಅಪಮೌಲ್ಯಗೊಂಡಾಗ ದುಬೈ ಅದನ್ನು ಕೈಬಿಟ್ಟಿತು. ದಿರ್ಹಮ್ ಬಂದದ್ದು 1973ರಲ್ಲಿ, ಒಕ್ಕೂಟ ರಚನೆಯಾದ ಎರಡು ವರ್ಷಗಳ ಅನಂತರ. ಆಮೇಲೆ ರೂಪಾಯಿ ಊರಿಗೆ ಕಳಿಸುವ ಹಣವಾಯಿತು, ದಿರ್ಹಮ್ ಇಲ್ಲಿ ಉಳಿಸಬೇಕಾದ ಹಣವಾಯಿತು. ಖಾಯಂ ಗಿರಾಕಿಯ ಮನಸ್ಸು ಈ ಎರಡರ ನಡುವೆ ದಿನವಿಡೀ ಗುಣಿಸುತ್ತಿರುತ್ತದೆ. ಎರಡನೆಯ ಲೋಟ ಕುಡಿಯಲೋ ಬೇಡವೋ ಎಂಬುದೂ ಆ ಗುಣಾಕಾರದಲ್ಲಿಯೇ ತೀರ್ಮಾನವಾಗುತ್ತದೆ.

ಅಂಗಡಿಗೆ ತನ್ನದೇ ಗಡಿಯಾರವಿದೆ. ನಸುಕಿನಲ್ಲಿ ರಾತ್ರಿ ಪಾಳಿ ಮುಗಿಸಿದ ಕಾವಲುಗಾರ ಮತ್ತು ಹಗಲು ಪಾಳಿಗೆ ಹೊರಟ ಶುಚಿಗಾರ ಒಂದೇ ಕಿಟಕಿಯ ಮುಂದೆ ಸಂಧಿಸುತ್ತಾರೆ. ಒಂದೇ ಕೋಣೆಯ ಒಂದೇ ಮಂಚವನ್ನು ಪಾಳಿಯಂತೆ ಹಂಚಿಕೊಂಡವರು ಕೆಲವೊಮ್ಮೆ ಪರಸ್ಪರ ಮುಖ ನೋಡುವುದು ಇಲ್ಲಿ ಮಾತ್ರ. ಹತ್ತು ಗಂಟೆಗೆ ಖೋರಿನ ಕಟ್ಟೆಯಲ್ಲಿ ಹಡಗಿಗೆ ಸರಕು ಹೇರುವವರು ಬರುತ್ತಾರೆ. ಮಧ್ಯಾಹ್ನ ಟೈಪಿಂಗ್ ಸೆಂಟರಿನ ಗುಮಾಸ್ತರು. ಸಂಜೆ ಅಂಗಡಿಗಳ ಮಾರಾಟಗಾರರು. ಅಂತಸ್ತಿನ ಮಂಚಗಳಿಂದ ತುಂಬಿದ ಕೋಣೆಯಲ್ಲಿ ಜಗಲಿಯಿಲ್ಲ, ಚಾವಡಿಯಿಲ್ಲ. ಬಂದ ಗೆಳೆಯನನ್ನು ಎಲ್ಲಿ ಕೂರಿಸುವುದು? ಆದ್ದರಿಂದ ಆತನನ್ನು ಕೆಳಗಿಳಿಸಿ ಅಂಗಡಿಯ ಮುಂದೆ ನಿಲ್ಲಿಸಿ ಉಪಚರಿಸುತ್ತಾರೆ. ಊರಿನಲ್ಲಿ ಮನೆಯೊಳಗೆ ನಡೆಯುವ ಸತ್ಕಾರ ಇಲ್ಲಿ ಬೀದಿಗೆ ಬಂದಿದೆ, ಆದರೂ ಅದು ಸತ್ಕಾರವೇ.

ಚಹಾ ಕಾಯಿಸುವವನಿಗೆ ಗಿರಾಕಿಯ ಹೆಸರು ಎಷ್ಟೋ ಸಲ ತಿಳಿದಿರುವುದಿಲ್ಲ. ‘ಸಕ್ಕರೆ ಕಡಿಮೆ’, ‘ಸುಲೈಮಾನಿ’, ‘ಮೂರನೇ ಮಾಳಿಗೆ’ ಎಂಬವೇ ಹೆಸರುಗಳು. ತಿಂಗಳ ಕೊನೆಯ ವಾರದಲ್ಲಿ ಉದ್ರಿ ಪುಸ್ತಕ ಹೊರಬರುತ್ತದೆ. ಅದರಲ್ಲೂ ಇವೇ ಹೆಸರುಗಳು. ಬ್ಯಾಂಕು ಸಾಲ ಕೊಡುವ ಮೊದಲು ಸಂಬಳದ ಪತ್ರ ಕೇಳುತ್ತದೆ. ಈ ಪುಸ್ತಕ ಕೇಳುವುದು ನಾಳೆಯೂ ಬರುವೆಯಾ ಎಂಬ ಒಂದೇ ಪ್ರಶ್ನೆ. ಆದರೆ ಆ ಪ್ರಶ್ನೆಗೆ ಉತ್ತರ ಕೊಡುವುದು ಗಿರಾಕಿಯ ಕೈಯಲ್ಲಿಲ್ಲ. ವೀಸಾ ಸಾಮಾನ್ಯವಾಗಿ ಎರಡು ವರ್ಷದ್ದು, ಅದೂ ಕೆಲಸ ಕೊಟ್ಟವನ ಹೆಸರಿಗೆ ಅಂಟಿಕೊಂಡದ್ದು. ಒಂದು ಬೆಳಗ್ಗೆ ‘ಸಕ್ಕರೆ ಕಡಿಮೆ’ ಕಾಣಿಸುವುದಿಲ್ಲ. ಕೇಳಿದರೆ ಪಕ್ಕದವನು ಹೇಳುತ್ತಾನೆ: ‘ಕ್ಯಾನ್ಸಲ್ ಮಾಡಿ ಹೋದ.’ ರದ್ದಾದದ್ದು ವೀಸಾ. ವಾಕ್ಯ ಕೇಳಿದರೆ ಮನುಷ್ಯನೇ ರದ್ದಾದಂತೆ ತೋರುತ್ತದೆ.

ಕಾಫಿ ಮನೆಗಳ ಬಗ್ಗೆ ಜಗತ್ತು ಬಹಳ ಬರೆದಿದೆ. 1511ರಲ್ಲಿ ಮೆಕ್ಕಾದ ಅಧಿಕಾರಿ ಖೈರ್ ಬೇಗ್ ಅವುಗಳನ್ನು ಮುಚ್ಚಿಸಿದ. 1675ರಲ್ಲಿ ಇಂಗ್ಲೆಂಡಿನ ಎರಡನೇ ಚಾರ್ಲ್ಸ್ ಅದೇ ಆಜ್ಞೆ ಹೊರಡಿಸಿ, ವಿರೋಧಕ್ಕೆ ಬೆದರಿ ಕೆಲವೇ ದಿನಗಳಲ್ಲಿ ಹಿಂತೆಗೆದುಕೊಂಡ. ಜನ ಒಟ್ಟಿಗೆ ಕೂತು ಮಾತಾಡುವ ಜಾಗವನ್ನು ಪ್ರಭುತ್ವ ಅನುಮಾನಿಸುತ್ತದೆ ಎಂಬುದಕ್ಕೆ ಇವು ಹಳೆಯ ಸಾಕ್ಷಿಗಳು. ಯುರೋಪಿನ ಕಾಫಿ ಮನೆಗಳಲ್ಲಿ ಸಾರ್ವಜನಿಕ ಅಭಿಪ್ರಾಯ ರೂಪುಗೊಂಡಿತೆಂದು ಯೂರ್ಗನ್ ಹಾಬರ್‌ಮಾಸ್ 1962ರ ತಮ್ಮ ಗ್ರಂಥದಲ್ಲಿ ವಾದಿಸಿದರು. ಆ ವಾದದ ಗಿರಾಕಿಗೆ ಬಿಡುವಿತ್ತು, ಕುರ್ಚಿಯಿತ್ತು, ಪೌರತ್ವವಿತ್ತು. ದೇರಾದ ಗಿರಾಕಿಗೆ ಇರುವುದು ಚಹಾ ಆರುವಷ್ಟು ಹೊತ್ತು.

ಆದರೂ ಆ ಹೊತ್ತಿನಲ್ಲಿ ನಡೆಯುವ ಮಾತು ಸಣ್ಣದಲ್ಲ. ಈ ದೇಶದಲ್ಲಿ ಕಾರ್ಮಿಕ ಸಂಘಗಳಿಗೆ ಅವಕಾಶವಿಲ್ಲ. ಹಾಗಾಗಿ ಸಂಘದ ಕಚೇರಿಯಲ್ಲಿ ತಿಳಿಯಬೇಕಾದದ್ದು ಚಹಾ ಅಂಗಡಿಯ ಮುಂದೆ ತಿಳಿಯುತ್ತದೆ. ಪಾಸ್‌ಪೋರ್ಟನ್ನು ಮಾಲೀಕ ಇಟ್ಟುಕೊಳ್ಳುವುದು ಕಾನೂನುಬಾಹಿರ. ಸಂಬಳ ಬ್ಯಾಂಕಿನ ಮೂಲಕವೇ ಬರಬೇಕೆಂಬ ವ್ಯವಸ್ಥೆ 2009ರಿಂದ ಇದೆ. ಕೆಲಸ ಬಿಡುವಾಗ ಮೊದಲ ಐದು ವರ್ಷಗಳಿಗೆ ವರ್ಷಕ್ಕೆ 21 ದಿನಗಳ, ಆಮೇಲಿನ ವರ್ಷಗಳಿಗೆ 30 ದಿನಗಳ ಮೂಲ ವೇತನ ಸಲ್ಲಬೇಕು. ಹೊಸಬ ತನ್ನ ತಿಂಗಳ ಸಂಬಳ 1,500 ದಿರ್ಹಮ್ ಎಂದು ಬೀಗಿದರೆ ಹಳಬ ಕೇಳುತ್ತಾನೆ: ‘ಕಾಗದದಲ್ಲಿ ಮೂಲ ವೇತನ ಎಷ್ಟು?’ ಅದು 800 ಮಾತ್ರ ಆಗಿದ್ದರೆ ಐದು ವರ್ಷಗಳ ಕೊನೆಗೆ ಕೈಗೆ ಬರುವುದು 2,800. ಪೂರ್ತಿ 1,500 ಮೂಲ ವೇತನವಾಗಿದ್ದರೆ 5,250 ಬರಬೇಕಿತ್ತು. ಈ ಲೆಕ್ಕವನ್ನು ಒಬ್ಬ ಖಾಯಂ ಗಿರಾಕಿ ಇನ್ನೊಬ್ಬನಿಗೆ ಕಾಗದದ ಲೋಟದ ಹೊರಮೈ ಮೇಲೆ ಬರೆದು ತೋರಿಸಬಲ್ಲ.

ಈ ಕಾಗದದ ಲೋಟಕ್ಕೆ ಇನ್ನೊಂದು ಅರ್ಥವೂ ಇದೆ. ಕರ್ನಾಟಕದ ಎಷ್ಟೋ ಹಳ್ಳಿಗಳ ಹೋಟೆಲುಗಳಲ್ಲಿ ದಲಿತರಿಗೆ ಬೇರೆ ಲೋಟ ಇಟ್ಟ ಇತಿಹಾಸ ಇನ್ನೂ ಪೂರ್ತಿ ಇತಿಹಾಸವಾಗಿಲ್ಲ. ಒಮ್ಮೆ ಬಳಸಿ ಎಸೆಯುವ ಲೋಟಕ್ಕೆ ಜಾತಿ ಕೇಳುವ ಪುರಸೊತ್ತಿಲ್ಲ. ಊರಿನ ಅಂಗಡಿಯೊಳಗೆ ಕಾಲಿಡಲು ಅಳುಕಿದವನ ಮಗ ನಾಯಿಫ್‌ನಲ್ಲಿ ಊರ ಗೌಡರ ಮಗನ ಪಕ್ಕದಲ್ಲಿ ನಿಂತು ಅದೇ ಪಾತ್ರೆಯ ಚಹಾ ಕುಡಿಯುತ್ತಾನೆ. ಇದನ್ನು ಸಮಾನತೆಯೆಂದು ಕೊಂಡಾಡುವ ಮುನ್ನ ಮೇಲಿನ ಮಾಳಿಗೆಯ ಬಾಗಿಲು ತಟ್ಟಬೇಕು. ಅಲ್ಲಿ ಕೋಣೆಗಳು ಮತ್ತೆ ಊರು, ಧರ್ಮ, ಸಮುದಾಯಗಳಂತೆ ವಿಂಗಡವಾಗಿರುತ್ತವೆ. ಕಿಟಕಿಯ ಮುಂದಿನ ಸಾಲಿನಲ್ಲಿ ಹೆಂಗಸರು ವಿರಳ; ಮನೆಗೆಲಸದವರಂತೂ ಇಲ್ಲವೇ ಇಲ್ಲ. ಅವರಿಗೆಂದು ಪ್ರತ್ಯೇಕ ಕಾನೂನು ಬಂದದ್ದೇ 2017ರಲ್ಲಿ. ಖಾಯಂ ಗಿರಾಕಿಯಾಗುವುದಕ್ಕೂ ಮನೆಯ ಹೊಸ್ತಿಲು ದಾಟುವ ಸ್ವಾತಂತ್ರ್ಯ ಬೇಕು.

2020ರ ವಸಂತದಲ್ಲಿ ಈ ಸಾಲು ಇಲ್ಲವಾಯಿತು. ಮಾರ್ಚ್ 31ರಿಂದ ಅಲ್ ರಾಸ್ ಪ್ರದೇಶವನ್ನು ಮುಚ್ಚಲಾಯಿತು; ಏಪ್ರಿಲ್ ಮೊದಲ ವಾರದಲ್ಲಿ ಇಡೀ ದುಬೈಗೆ ದಿನವಿಡೀ ನಿರ್ಬಂಧ ಬಂತು. ಮೂರಡಿ ಅಂತರದಲ್ಲಿ ಮಂಚಗಳಿರುವ ಕೋಣೆಯಲ್ಲಿ ಅಂತರ ಕಾಯ್ದುಕೊಳ್ಳಿ ಎಂಬ ಆದೇಶ ಪಾಲಿಸುವುದು ಹೇಗೆಂದು ಯಾರಿಗೂ ತಿಳಿಯಲಿಲ್ಲ. ಅದೇ ಹೊತ್ತಿಗೆ ನಾಯಿಫ್‌ನಿಂದ ಮರಳಿದವರಲ್ಲಿ ಸೋಂಕು ಕಂಡ ಕಾಸರಗೋಡು ದೇಶದ ಗಮನ ಸೆಳೆಯಿತು. ಊರಿಗೆ ಹಣ ಕಳಿಸುವವರ ಬೀದಿಯೆಂದು ಗೌರವಕ್ಕೆ ಪಾತ್ರವಾಗಿದ್ದ ಹೆಸರು ವಾರದೊಳಗೆ ರೋಗದ ಹೆಸರಾಯಿತು. ಕರ್ನಾಟಕವು ತಲಪಾಡಿಯ ಗಡಿಯನ್ನು ಮುಚ್ಚಿತು, ಹಲವು ಒಳದಾರಿಗಳಿಗೆ ಮಣ್ಣು ಸುರಿಯಿತು. ಚಿಕಿತ್ಸೆಗೆ ಮಂಗಳೂರನ್ನೇ ನಂಬಿದ್ದ ಕಾಸರಗೋಡಿನ ರೋಗಿಗಳು ದಾರಿಯಲ್ಲೇ ಸಿಲುಕಿದರು, ಕೆಲವರು ಪ್ರಾಣ ಕಳೆದುಕೊಂಡರು; ವಿಷಯ ಕೇರಳ ಹೈಕೋರ್ಟು, ಸುಪ್ರೀಂ ಕೋರ್ಟುಗಳಿಗೆ ಹೋಯಿತು. ದೇರಾದ ಕೋಣೆಯಲ್ಲಿ ಬಂದಿಯಾಗಿದ್ದ ಗಡಿನಾಡಿನ ಕನ್ನಡಿಗನಿಗೆ ಇತ್ತ ಬೀದಿ ಮುಚ್ಚಿತ್ತು, ಅತ್ತ ಊರಿನ ದಾರಿಯೂ ಮುಚ್ಚಿತ್ತು.

ಏಪ್ರಿಲ್ 26ರಂದು ಅಲ್ ರಾಸ್ ಮತ್ತು ನಾಯಿಫ್‌ಗಳ ನಿರ್ಬಂಧ ತೆರವಾಯಿತು. ಮೇ 12ರಂದು ವಂದೇ ಭಾರತ್ ಯೋಜನೆಯ ಮೊದಲ ವಿಮಾನ ದುಬೈನಿಂದ ಮಂಗಳೂರಿಗೆ ಹಾರಿತು; ಟಿಕೆಟಿನ ಹಣ ಪ್ರಯಾಣಿಕರದೇ. ಕಿಟಕಿಗಳು ಒಂದೊಂದಾಗಿ ತೆರೆದವು. ಉದ್ರಿ ಪುಸ್ತಕಗಳಲ್ಲಿ ಬಾಕಿ ಉಳಿದ ಎಷ್ಟೋ ಸಾಲುಗಳ ಒಡೆಯರು ಅಷ್ಟರಲ್ಲಿ ಕೆಲಸ ಕಳೆದುಕೊಂಡು ಹೋಗಿದ್ದರು. ಕೊಲ್ಲಿಯ ಆರ್ಥಿಕ ಹಿಂಜರಿತದ ಬಗ್ಗೆ ಅನೇಕ ವರದಿಗಳು ಬಂದಿವೆ. ಆ ಪುಸ್ತಕಗಳನ್ನು ಯಾರೂ ವರದಿಯೆಂದು ಓದಿಲ್ಲ.

ಇಷ್ಟೂ ಮಾತು ಗಿರಾಕಿಯದು. ಕಿಟಕಿಯ ಒಳಗಿರುವವನ ಮಾತು ಉಳಿಯಿತು. ಆತನೂ ನಿಂತಿದ್ದಾನೆ, ಗಿರಾಕಿಗಿಂತ ಹೆಚ್ಚು ಹೊತ್ತು, ಬೆಂಕಿಯ ಪಕ್ಕದಲ್ಲಿ. ಆತ ಬಂದ ಮಲಬಾರಿಗೂ ಕಾಸರಗೋಡಿಗೂ ಕಾಫಿ ಮನೆಯ ಇನ್ನೊಂದು ಕಥೆ ಗೊತ್ತು. 1950ರ ದಶಕದಲ್ಲಿ ಕಾಫಿ ಬೋರ್ಡು ತನ್ನ ಕಾಫಿ ಹೌಸುಗಳನ್ನು ಮುಚ್ಚತೊಡಗಿದಾಗ, ಬೀದಿಗೆ ಬಿದ್ದ ನೌಕರರು ಎ.ಕೆ. ಗೋಪಾಲನ್ ಅವರ ಪ್ರೇರಣೆಯಿಂದ ಸಹಕಾರ ಸಂಘ ಕಟ್ಟಿದರು. ಮೊದಲ ಸಂಘ 1957ರಲ್ಲಿ ಬೆಂಗಳೂರಿನಲ್ಲೇ ಹುಟ್ಟಿತು. ಅದೇ ವರ್ಷ ಗೋಪಾಲನ್ ಕಾಸರಗೋಡು ಕ್ಷೇತ್ರದಿಂದ ಲೋಕಸಭೆಗೆ ಆಯ್ಕೆಯಾದರು. ಲೋಟ ತೊಳೆಯುವವನೇ ಅಂಗಡಿಯ ಒಡೆಯನಾಗಬಹುದೆಂದು ಆ ಸಂಘಗಳು ತೋರಿಸಿದವು. ದೇರಾದ ಕಿಟಕಿಯೊಳಗಿನವನಿಗೆ ಆ ದಾರಿ ತೆರೆದಿಲ್ಲ. ಎಲ್ಲರ ಸಕ್ಕರೆಯ ಅಳತೆ, ಎಲ್ಲರ ಬಾಕಿ, ಎಲ್ಲರ ರಜೆಯ ತಾರೀಖು ಆತನಿಗೆ ನೆನಪಿದೆ. ಆತನ ಕಾಗದದಲ್ಲಿ ಮೂಲ ವೇತನ ಎಷ್ಟೆಂದು ಮಾತ್ರ ಯಾವ ಗಿರಾಕಿಯೂ ಕೇಳುವುದಿಲ್ಲ.

ರಜೆಯ ಸಂಜೆ ನಗರದ ಬೇರೆ ಭಾಗಗಳಿಂದ ಅನುಕೂಲಸ್ಥ ಕನ್ನಡಿಗರು ಹಳೆಯ ರುಚಿಯನ್ನು ಹುಡುಕಿಕೊಂಡು ದೇರಾಕ್ಕೆ ಬರುತ್ತಾರೆ. ಕಾರಿನಿಂದ ಇಳಿಯದೆ ಹಾರ್ನ್ ಒತ್ತಿದರೆ ಸಾಕು, ಒಬ್ಬ ಹುಡುಗ ಓಡಿಬರುತ್ತಾನೆ. ಗಾಜು ಅರ್ಧ ಇಳಿಯುತ್ತದೆ, ಲೋಟ ಒಳಗೆ ಹೋಗುತ್ತದೆ, ಗಾಜು ಏರುತ್ತದೆ. ಆ ಚಹಾದ ಫೋಟೋ ಊರಿಗೆ ತಲುಪುತ್ತದೆ. ಲೋಟ ಹಿಡಿದ ಕೈ ಚಿತ್ರದ ಚೌಕಟ್ಟಿನ ಹೊರಗೆ ಉಳಿಯುತ್ತದೆ.

ಗೆಳೆಯರೇ, ಖಾಯಂ ಎಂದರೆ ನಿಂತಿರುವವನು. ಅನಿವಾಸಿ ಸಾಹಿತ್ಯ ಇದುವರೆಗೆ ಹೆಚ್ಚಾಗಿ ಬರೆದದ್ದು ಬಿಟ್ಟುಬಂದ ಊರಿನ ಹಂಬಲವನ್ನು. ಆ ಹಂಬಲ ಸುಳ್ಳಲ್ಲ. ಆದರೆ ಅದನ್ನು ದಿನಕ್ಕೆರಡು ಸಲ ಕುದಿಸಿ ಕೊಡುವವನಿಗೂ ಒಂದು ಊರಿದೆ, ಒಂದು ಲೆಕ್ಕವಿದೆ, ಒಂದು ಹೆಸರಿದೆ. ಮುಂದಿನ ಸಲ ದೇರಾಕ್ಕೆ ಹೋದವರು ಕಾರಿನಿಂದ ಇಳಿದು ಕಿಟಕಿಯ ಮುಂದೆ ನಿಲ್ಲಲಿ. ಚಹಾ ಆರುವಷ್ಟು ಹೊತ್ತು ಸಾಕು. ಆ ಹೊತ್ತಿನಲ್ಲಿ ಆತನ ಹೆಸರು ಕೇಳಬಹುದು. ಎಷ್ಟು ವರ್ಷವಾಯಿತೆಂದು ಕೇಳಬಹುದು. ಕಾಗದದಲ್ಲಿ ಎಷ್ಟಿದೆಯೆಂದು ಕೇಳಿ, ಲೋಟದ ಹೊರಮೈ ಮೇಲೆ ಆತನ ಲೆಕ್ಕವನ್ನೂ ಬರೆದು ತೋರಿಸಬಹುದು.