ಮೇಜಿನ ಮೇಲೆ ಶ್ರೀರಂಗಪಟ್ಟಣ
(ವಾರ್ಷಿಕ ಸಮಾರಂಭದಲ್ಲಿ ಮಾಡಿದ ಭಾಷಣ)



ನಮ್ಮ ಮಕ್ಕಳು ವಸ್ತು ಪ್ರದರ್ಶನಕ್ಕೆ ತಯಾರಿಸಿದ ಯುದ್ಧಭೂಮಿಯ ಮಾದರಿಯ ಬಗ್ಗೆ ನಾಲ್ಕು ಮಾತು ಹೇಳಬೇಕೆಂದು ಸಂಘದವರು ಅಪ್ಪಣೆ ಮಾಡಿದ್ದಾರೆ. ಇದಕ್ಕೆ ಡಯೋರಾಮ ಎನ್ನುತ್ತಾರೆ. ಒಂದು ಘಟನೆಯ ಒಂದೇ ಒಂದು ಕ್ಷಣವನ್ನು ಅಳತೆ ತಪ್ಪದಂತೆ ಕುಗ್ಗಿಸಿ, ನೆಲ, ನೀರು, ಗೋಡೆ ಸಮೇತ ಮೇಜಿನ ಮೇಲೆ ನಿಲ್ಲಿಸುವ ಕೆಲಸ. ನಾವು ಆರಿಸಿಕೊಂಡದ್ದು 1799ರ ಮೇ 4, ಶ್ರೀರಂಗಪಟ್ಟಣದ ಕೋಟೆ ಬಿದ್ದ ದಿನ.

ಮಕ್ಕಳು ಮೊದಲು ತಂದ ಚಿತ್ರಗಳೆಲ್ಲ ಇಂಗ್ಲಿಷರು ಬರೆದವು. ಮರುವರ್ಷವೇ, 1800ರಲ್ಲಿ, ರಾಬರ್ಟ್ ಕೇರ್ ಪೋರ್ಟರ್ ಎಂಬ ತರುಣ ಕಲಾವಿದ ಈ ಯುದ್ಧದ ನೂರಡಿಗೂ ಉದ್ದದ ಚಿತ್ರ ಬರೆದು ಲಂಡನ್ನಿನಲ್ಲಿ ಪ್ರದರ್ಶನಕ್ಕಿಟ್ಟಿದ್ದ. ಆತ ಅಲ್ಲಿಯವರೆಗೆ ಭಾರತವನ್ನೇ ಕಂಡಿರಲಿಲ್ಲ. ಚಿತ್ರ ನೋಡಿ ಮಾಡುವುದು ಬೇಡ, ಅಳತೆ ಹಿಡಿದು ಮಾಡೋಣ ಎಂದೆ.

ನಮ್ಮ ಪ್ರಮಾಣ 72ಕ್ಕೆ 1. ಐದೂವರೆ ಅಡಿಯ ಆಳು 2.3 ಸೆಂಟಿಮೀಟರ್ ಆಗುತ್ತಾನೆ. ಇಪ್ಪತ್ತು ಅಡಿ ಗೋಡೆ ಎಂಟೂವರೆ ಸೆಂಟಿಮೀಟರ್. ಕಾವೇರಿಯ ಲೆಕ್ಕ ಮಾತ್ರ ಕೈಕೊಟ್ಟಿತು. ದಾಳಿ ನಡೆದ ಕಡೆ ನದಿಯ ಪಾತ್ರ 200 ಗಜಕ್ಕೂ ಹೆಚ್ಚು. ಭಾಗಿಸಿದರೆ ಎರಡೂವರೆ ಮೀಟರ್ ದಾಟುತ್ತದೆ. ಅಷ್ಟು ದೊಡ್ಡ ಮೇಜು ನಮ್ಮ ಶಾಲೆಯಲ್ಲಿಲ್ಲ. ನದಿಯನ್ನು ಕಿರಿದು ಮಾಡಿದರೆ ಸುಳ್ಳಾಗುತ್ತದೆ. ಆದ್ದರಿಂದ ಕೋಟೆಯ ಕಡೆಯ ತುಂಡನ್ನಷ್ಟೇ ಉಳಿಸಿಕೊಂಡು, ಹಲಗೆಯ ಅಂಚಿನಲ್ಲಿ ನದಿಯನ್ನು ನೇರವಾಗಿ ಕತ್ತರಿಸಿದೆವು.

ಮರಳೂ ಪಾಠ ಕಲಿಸಿತು. ಒಂದು ಮಿಲಿಮೀಟರಿನ ಕಾಳು ಈ ಪ್ರಮಾಣದಲ್ಲಿ ಏಳು ಸೆಂಟಿಮೀಟರಿನ ಕಲ್ಲು! ಮೊದಲು ಹಿಟ್ಟಿನ ಜರಡಿಯಲ್ಲಿ, ಆಮೇಲೆ ಮಲ್ಲು ಬಟ್ಟೆಯಲ್ಲಿ ಸೋಸಿದೆವು. ನೀರಿಗೆಂದು ವಾರ್ನಿಷ್ ಸುರಿದ ದಿನ ಅದು ಕೆಳಗಿನ ಥರ್ಮಾಕೋಲನ್ನೇ ತಿಂದು ಹಾಕಿತು. ತಪ್ಪು ನನ್ನದೇ. ಎರಡನೆಯ ಸಲ ಪ್ಲಾಸ್ಟರ್ ಆಫ್ ಪ್ಯಾರಿಸ್ ಬಳಿದು ಒಣಗಿಸಿ, ದಿನಕ್ಕೊಂದು ತೆಳು ಪದರದಂತೆ ವಾರ್ನಿಷ್ ಹಾಕಿದೆವು. ಗೋಡೆಗೆ ಮೊದಲು ಕಪ್ಪು ನೀರುಬಣ್ಣ. ಆಮೇಲೆ ಒಣ ಕುಂಚದಿಂದ ತಿಳಿ ಬಣ್ಣ ಸವರಿದಾಗ ಸೂಜಿಯಿಂದ ಗೀರಿದ ಕಲ್ಲುಗಳ ಅಂಚು ಎದ್ದು ಕಂಡಿತು.

ಇನ್ನು ರಾಕೆಟ್ಟು. 2018ರಲ್ಲಿ ಹೊಸನಗರ ತಾಲ್ಲೂಕಿನ ನಗರದ ಹಳೆಯ ಬಾವಿಯೊಂದರಲ್ಲಿ ಸಾವಿರಕ್ಕೂ ಹೆಚ್ಚು ರಾಕೆಟ್ಟುಗಳು ಸಿಕ್ಕಿದ್ದು ತಮಗೆ ನೆನಪಿರಬಹುದು. ಗೇಣುದ್ದದ ಕಬ್ಬಿಣದ ನಳಿಗೆ ನಮ್ಮಲ್ಲಿ ಮೂರು ಮಿಲಿಮೀಟರ್. ಅದರ ಬಿದಿರಿಗೆ ಊದುಬತ್ತಿ ಕಡ್ಡಿಯೂ ದಪ್ಪವಾಯಿತು. ಬ್ರಷ್ಷಿನ ಕೂದಲು ಕಿತ್ತು ಅಂಟಿಸಿದೆವು.

ಆ ಹೊತ್ತಿಗೆ ಒಬ್ಬ ಹುಡುಗನ ತಂದೆ ಬಂದು, "ಮಾಸ್ಟರ್ ಸಾಬ್, ಮಕ್ಕಳ ಕೈಲಿ ಬುತ್ ಮಾಡಿಸುತ್ತಿದ್ದೀರಂತೆ, ನಿಜವೇ?" ಎಂದರು. ಹಜ್ರತ್ ಆಯಿಷಾ (ರ) ಅವರ ಬಳಿ ಬಾಲ್ಯದಲ್ಲಿ ಗೊಂಬೆಗಳಿದ್ದವೆಂದು ಹದೀಸಿನಲ್ಲಿದೆ ಎಂದು ನಾನು ಹೇಳಬಹುದಿತ್ತು, ಹೇಳಿದೆ ಕೂಡ. ಆದರೆ ಆ ಮನುಷ್ಯ ಜಗಳಕ್ಕೆ ಬಂದವರಲ್ಲ. ಅವರ ಮನಸ್ಸು ನೋಯಿಸಿ ಮಗನನ್ನು ಕೂರಿಸಿಕೊಳ್ಳುವುದು ನನಗೆ ಸರಿ ಕಾಣಲಿಲ್ಲ. ಗೊಂಬೆಯೇ ಇಲ್ಲದ ಯುದ್ಧ ಹೇಗೆ ಮಾಡುವುದು? ಇತ್ತ ಹುಡುಗರಿಗೆ ಮೀರ್ ಸಾದಿಕ್ ಬೇಕೇ ಬೇಕಂತೆ. ಎರಡು ಸೆಂಟಿಮೀಟರಿನ ಗೊಂಬೆಯ ಮುಖದಲ್ಲಿ ದ್ರೋಹ ತೋರಿಸುವುದು ಯಾವ ಕುಂಚಕ್ಕೂ ಆಗದ ಕೆಲಸ!

ದಾರಿ ತೋರಿಸಿದವಳು ಎಂಟನೆಯ ತರಗತಿಯ ಹುಡುಗಿ. "ಸರ್, ದಾಳಿ ಶುರುವಾಗಿದ್ದು ಮಧ್ಯಾಹ್ನ ಒಂದರ ಸುಮಾರಿಗೆ ಎಂದಿರಿ. ಅದಕ್ಕೆ ಸ್ವಲ್ಪ ಮೊದಲು ನದಿಯಲ್ಲಿ ಯಾರೂ ಇರಲಿಲ್ಲ ಅಲ್ಲವೇ?"

ಅವಳ ಮಾತು ಸತ್ಯ. ಜನರಲ್ ಬೇರ್ಡ್‌ನ ದಾಳಿಯ ಪಡೆ ಬೆಳಗಿನಿಂದ ಕಂದಕಗಳಲ್ಲಿ ಅಡಗಿ ಕುಳಿತಿತ್ತು. ಅವರಲ್ಲಿ ಗೋರರು ಮಾತ್ರವಲ್ಲ, ನಮ್ಮ ನಾಡಿನ ಸಿಪಾಯಿಗಳೂ ನಿಜಾಮರ ಕಡೆಯವರೂ ಇದ್ದರು. ಬಿಸಿಲ ಹೊತ್ತಿನಲ್ಲಿ ಕೋಟೆಯವರು ವಿಶ್ರಾಂತಿಯಲ್ಲಿರುತ್ತಾರೆಂದೇ ಆ ವೇಳೆ ಗೊತ್ತು ಮಾಡಿದ್ದರು. ಸುಲ್ತಾನರು ಊಟಕ್ಕೆ ಕುಳಿತಿದ್ದಾಗಲೇ ದಾಳಿಯ ಸುದ್ದಿ ಬಂತು. ಮಳೆಗಾಲ ಇನ್ನೂ ಬಂದಿರಲಿಲ್ಲ. ನದಿಯಲ್ಲಿ ಬಂಡೆಗಳು ಎದ್ದು ಕಾಣುತ್ತಿದ್ದವು. ವಾಯವ್ಯ ಮೂಲೆಯ ಹತ್ತಿರ ಗೋಡೆ ಒಡೆದು ಕಲ್ಲಿನ ರಾಶಿ ಬಿದ್ದಿತ್ತು.

ನಾವು ಆ ಕ್ಷಣವನ್ನೇ ಮಾಡಿದೆವು. ಬಂಡೆ, ನೀರು, ಒಡೆದ ಗೋಡೆ, ಗೋಡೆಗೆ ಒರಗಿಸಿಟ್ಟ ರಾಕೆಟ್ಟುಗಳು. ಮೇ ಮೊದಲ ವಾರ ನಮ್ಮ ಕಡೆ ನಡುಹಗಲಲ್ಲಿ ಸೂರ್ಯ ಹೆಚ್ಚುಕಡಿಮೆ ನೆತ್ತಿಯ ಮೇಲಿರುವುದರಿಂದ ದೀಪವನ್ನೂ ನೇರ ಮೇಲಿನಿಂದಲೇ ಕಟ್ಟಿದೆವು. ನೆರಳೇ ಬೀಳಲಿಲ್ಲ. ಬುತ್ ಎಂದು ಕೇಳಿದ್ದ ಆ ತಂದೆಯೇ ವೈರು ಎಳೆದುಕೊಟ್ಟರು.

ಪ್ರದರ್ಶನದ ದಿನ ಒಬ್ಬ ವೃದ್ಧರು ಮಾದರಿಯ ಮುಂದೆ ಬಹಳ ಹೊತ್ತು ನಿಂತರು. ಕೊನೆಗೆ, "ಬೇಟಾ, ಎಲ್ಲಾ ಇದೆ, ಸುಲ್ತಾನರೆಲ್ಲಿ?" ಎಂದು ಕೇಳಿದರು. ಪಕ್ಕದಲ್ಲಿದ್ದ ಹುಡುಗ ಗೋಡೆಯ ಹಿಂಬದಿಗೆ ಬೆರಳು ತೋರಿಸಿ, ಮೆಲ್ಲನೆಯ ದನಿಯಲ್ಲಿ ಹೇಳಿದ: "ಆ ಕಡೆ ಇದ್ದಾರೆ ದಾದಾ. ಈಗ ತಾನೇ ಊಟಕ್ಕೆ ಕುಳಿತಿದ್ದಾರೆ."