ಗೂಡಿನ ಬೆಲೆ, ಕಾರಿನ ಗೋಡೆ: ಬಿಡದಿಯಿಂದ ಕಂಡ ಜಾಗತೀಕರಣ

(ಬಳಗದ ವಾರ್ಷಿಕ ಕೂಟದಲ್ಲಿ ಗ್ರಾಮಸ್ಥರು ಹಾಗೂ ವಿದ್ಯಾರ್ಥಿಗಳನ್ನು ಉದ್ದೇಶಿಸಿ ಮಾಡಿದ ಭಾಷಣದ ಬರಹರೂಪ)



ಜಾಗತೀಕರಣವನ್ನು ಕುರಿತು ಮಾತನಾಡುವಾಗ ನಾವು ಅದನ್ನು ಬಿರುಗಾಳಿಗೆ ಹೋಲಿಸುವುದು ವಾಡಿಕೆಯಾಗಿದೆ. ಬಿರುಗಾಳಿಗೆ ಯಾರೂ ಹೊಣೆಗಾರರಲ್ಲ. ಬಂದಾಗ ತಲೆ ತಗ್ಗಿಸಿ ಕುಳಿತುಕೊಳ್ಳಬೇಕು, ಅಷ್ಟೆ. ಈ ಹೋಲಿಕೆ ತಪ್ಪೆಂದು ಹೇಳುವುದಕ್ಕಾಗಿಯೇ ನಾನು ಇಂದು ನಿಮ್ಮ ಮುಂದೆ ನಿಂತಿದ್ದೇನೆ. ಜಾಗತೀಕರಣವು ಸುಂಕದ ಪಟ್ಟಿ, ವ್ಯಾಪಾರ ಒಪ್ಪಂದ, ಭೂಸ್ವಾಧೀನದ ಅಧಿಸೂಚನೆ ಮೊದಲಾದ ಕಾಗದಗಳಿಂದ ಆದದ್ದು. ಪ್ರತಿಯೊಂದು ಕಾಗದಕ್ಕೂ ಸಹಿ ಹಾಕಿದವರಿರುತ್ತಾರೆ. ಸಹಿಯನ್ನು ಪ್ರಶ್ನಿಸಬಹುದು, ಕೆಲವೊಮ್ಮೆ ಬದಲಾಯಿಸಲೂಬಹುದು.

ದೂರದ ಮಾರುಕಟ್ಟೆ ಮಲೆನಾಡಿಗೆ ಹೊಸತೇನೂ ಅಲ್ಲ. 16ನೆಯ ಶತಮಾನದಲ್ಲಿ ಪೋರ್ಚುಗೀಸರು ಗೇರುಸೊಪ್ಪೆಯ ಚೆನ್ನಭೈರಾದೇವಿಯನ್ನು ‘ಕಾಳುಮೆಣಸಿನ ರಾಣಿ’ ಎಂದು ಕರೆದಿದ್ದರು. ನಮ್ಮ ಬೆಟ್ಟದ ಬಳ್ಳಿಯ ಕಾಳು ಕಡಲು ದಾಟಿ ಯೂರೋಪನ್ನು ಸೇರುತ್ತಿತ್ತು. ಆದ್ದರಿಂದ ಜಗತ್ತಿನೊಡನೆ ವ್ಯವಹಾರ ಬೇಕೇ ಬೇಡವೇ ಎಂಬುದು ಪ್ರಶ್ನೆಯಲ್ಲ. ವ್ಯವಹಾರದ ನಿಯಮವನ್ನು ಮಾಡುವವರು ಯಾರು ಎಂಬುದೇ ಪ್ರಶ್ನೆ. ಅದನ್ನು ಅರಿಯಲು ನಾವೀಗ ಬೆಟ್ಟವಿಳಿದು ಬೆಂಗಳೂರು–ಮೈಸೂರು ಹೆದ್ದಾರಿಯ ಬಿಡದಿಯವರೆಗೆ ಹೋಗಿಬರೋಣ.

ಬಿಡದಿ ಬಹುಕಾಲ ತಟ್ಟೆ ಇಡ್ಲಿಗೆ ಹೆಸರಾದ ಊರು. ಅಲ್ಲಿ ಕೈಗಾರಿಕಾ ಪ್ರದೇಶಾಭಿವೃದ್ಧಿ ಮಂಡಳಿಯು ರೈತರ ಜಮೀನು ಪಡೆದು ಕೈಗಾರಿಕಾ ಪ್ರದೇಶವನ್ನು ಮಾಡಿತು. 1997ರಲ್ಲಿ ಟೊಯೋಟಾ ಕಿರ್ಲೋಸ್ಕರ್ ಸಂಸ್ಥೆ ಸ್ಥಾಪನೆಯಾಗಿ, 1999ರ ಡಿಸೆಂಬರಿನಲ್ಲಿ ಕ್ವಾಲಿಸ್ ವಾಹನದ ಉತ್ಪಾದನೆ ಆರಂಭವಾಯಿತು. ಅದೇ ಹೆದ್ದಾರಿಯಲ್ಲಿ ಸ್ವಲ್ಪ ಮುಂದೆ ಸಾಗಿದರೆ ಏಷ್ಯಾದಲ್ಲೇ ದೊಡ್ಡದೆನಿಸಿಕೊಂಡ ರಾಮನಗರದ ರೇಷ್ಮೆ ಗೂಡಿನ ಮಾರುಕಟ್ಟೆ. ಇನ್ನೂ ಮುಂದೆ ಬೊಂಬೆಗಳ ಊರಾದ ಚನ್ನಪಟ್ಟಣ. ಒಂದು ಗಂಟೆಯ ಬಸ್ ಪ್ರಯಾಣದಲ್ಲಿ ಕಾರು, ಗೂಡು, ಬೊಂಬೆ ಮೂರನ್ನೂ ಕಾಣಬಹುದು. ಮೂರಕ್ಕೂ ಜಗತ್ತಿನ ನಂಟಿದೆ. ಆದರೆ ಮೂರಕ್ಕೂ ಜಗತ್ತಿನ ನಿಯಮ ಒಂದೇ ಅಲ್ಲ.

ವಿದ್ಯಾರ್ಥಿಗಳು ಪಠ್ಯದಲ್ಲಿ ಡೇವಿಡ್ ರಿಕಾರ್ಡೊನ ಹೆಸರನ್ನು ಓದಿರುತ್ತೀರಿ. ಪ್ರತಿಯೊಂದು ದೇಶವೂ ತನಗೆ ಹೋಲಿಕೆಯಲ್ಲಿ ಸುಲಭವಾದುದನ್ನು ತಯಾರಿಸಿ ಉಳಿದುದನ್ನು ಕೊಂಡುಕೊಂಡರೆ ಎಲ್ಲರಿಗೂ ಲಾಭ ಎಂದು ಅವನು 1817ರಲ್ಲಿ ವಾದಿಸಿದನು. ಇಂಗ್ಲೆಂಡು ಬಟ್ಟೆ ನೇಯಲಿ, ಪೋರ್ಚುಗಲ್ಲು ದ್ರಾಕ್ಷಾರಸ ಮಾಡಲಿ ಎಂಬುದು ಅವನ ಉದಾಹರಣೆ. ಆದರೆ ಬಂಡವಾಳವು ಸಾಮಾನ್ಯವಾಗಿ ತನ್ನ ದೇಶವನ್ನು ಬಿಟ್ಟು ಹೋಗುವುದಿಲ್ಲ ಎಂದು ಅವನು ಭಾವಿಸಿದ್ದನು. ಬಿಡದಿಯಲ್ಲಿ ಬಂಡವಾಳವೇ ಕಡಲು ದಾಟಿ ಬಂದು ಕುಳಿತಿದೆ. ಇನ್ನೊಂದು ಮಾತು. ಇಂದು ಸುಲಭವಾದುದನ್ನಷ್ಟೇ ಮಾಡುತ್ತ ಹೋದ ದೇಶವು ನಾಳೆ ಕಷ್ಟವಾದುದನ್ನು ಕಲಿಯುವುದಾದರೂ ಹೇಗೆ? ಜರ್ಮನಿಯ ಫ್ರೆಡ್ರಿಕ್ ಲಿಸ್ಟ್ 1841ರಲ್ಲಿ ಕೇಳಿದ ಪ್ರಶ್ನೆ ಇದು. ಎಳೆಯ ಕೈಗಾರಿಕೆಗೆ ಬೇಲಿ ಬೇಕು. ಬೇಲಿಯೊಳಗೆ ಬೆಳೆದವರು ಆಮೇಲೆ ಇತರರಿಗೆ ಬೇಲಿ ತೆಗೆಯಿರೆಂದು ಬುದ್ಧಿ ಹೇಳುವುದು, ಮೇಲೆ ಹತ್ತಿದವನು ಏಣಿಯನ್ನು ಒದ್ದಂತೆ ಎಂದನು.

ಈ ಏಣಿಯ ಕಥೆಯನ್ನು ಬಿಡದಿಗೆ ಬಂದ ಸಂಸ್ಥೆಯ ಚರಿತ್ರೆಯೇ ಹೇಳುತ್ತದೆ. ಟೊಯೋಟಾದ ಮೂಲ ಕಾರಿನಲ್ಲಿಲ್ಲ, ಮಗ್ಗದಲ್ಲಿದೆ. ಸಕಿಚಿ ಟೊಯೋಡಾ ರೂಪಿಸಿದ ಸ್ವಯಂಚಾಲಿತ ಮಗ್ಗಕ್ಕಾಗಿ 1926ರಲ್ಲಿ ಕಂಪನಿ ಹುಟ್ಟಿತು. 1929ರಲ್ಲಿ ಆ ಮಗ್ಗದ ಹಕ್ಕನ್ನು ಇಂಗ್ಲೆಂಡಿನ ಪ್ಲಾಟ್ ಬ್ರದರ್ಸ್ ಕಂಪನಿಗೆ ಮಾರಲಾಯಿತು. ಮಗ ಕೀಚಿರೊ ಕಾರಿನ ಪ್ರಯೋಗಕ್ಕೆ ತೊಡಗಿದನು. ಆಗ ಜಪಾನಿನಲ್ಲಿಯೂ ಬಿಡದಿಯಂತಹ ಊರುಗಳಿದ್ದವು. ಅಮೆರಿಕದ ಫೋರ್ಡ್ 1925ರಿಂದ ಯೊಕೊಹಾಮಾದಲ್ಲಿ, ಜನರಲ್ ಮೋಟರ್ಸ್ 1927ರಿಂದ ಒಸಾಕಾದಲ್ಲಿ ಬಿಡಿಭಾಗಗಳನ್ನು ತಂದು ವಾಹನ ಜೋಡಿಸುತ್ತಿದ್ದವು. 1936ರಲ್ಲಿ ಜಪಾನ್ ಸರ್ಕಾರ ಕಾನೂನು ಮಾಡಿ ಅವುಗಳಿಗೆ ಮಿತಿ ಹಾಕಿತು, ಸ್ವದೇಶಿ ಕಂಪನಿಗಳಿಗೆ ಆಸರೆ ಕೊಟ್ಟಿತು. 1937ರಲ್ಲಿ ಟೊಯೋಟಾ ಮೋಟರ್ ಕಂಪನಿ ಸ್ಥಾಪನೆಯಾಯಿತು. ಆ ಕಾನೂನಿನ ಹಿಂದೆ ಸೇನೆಯ ಯುದ್ಧಸಿದ್ಧತೆಯೂ ಇತ್ತು ಎಂಬುದನ್ನು ಮರೆಯಬಾರದು. ಆದರೂ ಬೇಲಿಯ ಒಳಗೇ ಆ ಸಸಿ ಬೆಳೆಯಿತು ಎಂಬುದು ನಿಜ.

ನಾವೂ ಅಂತಹ ಪ್ರಯತ್ನ ಮಾಡಿದೆವು. ಕಾರು ತಯಾರಿಸಲು ಬರುವ ಕಂಪನಿಗಳು 3 ವರ್ಷಗಳಲ್ಲಿ ಶೇಕಡ 50ರಷ್ಟು, 5 ವರ್ಷಗಳಲ್ಲಿ ಶೇಕಡ 70ರಷ್ಟು ಬಿಡಿಭಾಗಗಳನ್ನು ದೇಶೀಯವಾಗಿ ಪಡೆಯಬೇಕೆಂದು ಭಾರತ ಸರ್ಕಾರ 1997ರ ಡಿಸೆಂಬರಿನಲ್ಲಿ ನಿಯಮ ಮಾಡಿತು. ಅಮೆರಿಕ ಮತ್ತು ಯೂರೋಪಿನ ಒಕ್ಕೂಟ ವಿಶ್ವ ವ್ಯಾಪಾರ ಸಂಘಟನೆಗೆ ದೂರು ಕೊಟ್ಟವು. 2001ರಲ್ಲಿ ಅದರ ಸಮಿತಿ ನಮ್ಮ ವಿರುದ್ಧ ತೀರ್ಪಿತ್ತಿತು. 1936ರಲ್ಲಿ ಜಪಾನಿಗೆ ದೊರೆತ ಏಣಿ ನಮಗೆ 2001ರಲ್ಲಿ ದೊರೆಯಲಿಲ್ಲ.

ಈಗ ರಾಮನಗರಕ್ಕೆ ಬರೋಣ. ಮೈಸೂರು ಸೀಮೆಯಲ್ಲಿ ರೇಷ್ಮೆ ಬೇರೂರಿದ್ದು 18ನೆಯ ಶತಮಾನದ ಕೊನೆಯಲ್ಲಿ, ಟಿಪ್ಪು ಸುಲ್ತಾನನ ಪ್ರೋತ್ಸಾಹದಿಂದ. ಮುಂದಿನ ಶತಮಾನದ ಕೊನೆಗೆ ಜಮ್‌ಶೇಟ್‌ಜಿ ಟಾಟಾ ಬೆಂಗಳೂರಿನಲ್ಲಿ ರೇಷ್ಮೆ ಕೃಷಿಕ್ಷೇತ್ರ ತೆರೆದು ಜಪಾನಿನ ತಜ್ಞರನ್ನು ಕರೆಸಿದರು. ಅದೇ ಜಪಾನಿನ ಅಗ್ಗದ ರೇಷ್ಮೆ ಮತ್ತು ಕೃತಕ ನೂಲು 1930ರ ಆರ್ಥಿಕ ಕುಸಿತದ ಕಾಲದಲ್ಲಿ ನಮ್ಮ ಗೂಡಿನ ಬೆಲೆಯನ್ನು ನೆಲಕ್ಕೆ ಕೆಡವಿತು. ಸುಂಕ ಮಂಡಳಿಯ ವಿಚಾರಣೆ ನಡೆದು 1934ರಲ್ಲಿ ರಕ್ಷಣಾ ಸುಂಕ ಬಂತು. ಎರಡನೆಯ ಮಹಾಯುದ್ಧದಲ್ಲಿ ಪ್ಯಾರಾಚೂಟಿಗೆ ರೇಷ್ಮೆ ಬೇಕಾದಾಗ ಬೆಲೆ ಏರಿತು. ಯುದ್ಧ ಮುಗಿದೊಡನೆ ಇಳಿಯಿತು. ಹಿಪ್ಪುನೇರಳೆ ತೋಟದ ರೈತನು ಎಂದೂ ನೋಡದ ಊರುಗಳಲ್ಲಿ ಅವನ ವರ್ಷದ ಗಳಿಕೆ ತೀರ್ಮಾನವಾಗುತ್ತಿತ್ತು.

ರೇಷ್ಮೆಯ ಒಂದು ಗುಣವನ್ನು ನೀವು ಮುಖ್ಯವಾಗಿ ಗಮನಿಸಬೇಕು. ಕಾಳುಮೆಣಸನ್ನು ಒಣಗಿಸಿ ಚೀಲದಲ್ಲಿ ಕಟ್ಟಿಟ್ಟು ಒಳ್ಳೆಯ ಬೆಲೆಗೆ ಕಾಯಬಹುದು. ಗೂಡನ್ನು ಕಾಯಿಸಲಾಗದು. ಕೆಲವೇ ದಿನಗಳಲ್ಲಿ ಒಳಗಿನ ಹುಳು ಚಿಟ್ಟೆಯಾಗಿ ಗೂಡನ್ನು ತೂತು ಮಾಡಿ ಹೊರಬರುತ್ತದೆ; ತೂತಾದ ಗೂಡಿನಿಂದ ಉದ್ದನೆಯ ಎಳೆ ಬಿಚ್ಚಲಾಗದು. ಚಂದ್ರಿಕೆಯಿಂದ ಗೂಡು ಬಿಡಿಸಿದ ರೈತ ಅಂದೋ ಮರುದಿನವೋ ಮಾರುಕಟ್ಟೆಯಲ್ಲಿರಬೇಕು; ಅಂದಿನ ಹರಾಜಿನ ಬೆಲೆಯೇ ಅವನ ಬೆಲೆ. ನೂಲು ಬಿಚ್ಚುವ ರೀಲರುಗಳೂ ಸಾಮಾನ್ಯವಾಗಿ ಸಣ್ಣ ಬಂಡವಾಳದವರೇ. ನೂಲು ಮಾರಿದರೆ ಮಾತ್ರ ಮರುದಿನದ ಗೂಡಿಗೆ ಹಣ. ಅರ್ಥಶಾಸ್ತ್ರದ ಪುಸ್ತಕದಲ್ಲಿ ಕೊಳ್ಳುವವನೂ ಮಾರುವವನೂ ಸಮಾನರು. ನಿಜವಾದ ಸಂತೆಯಲ್ಲಿ ಕಾಯಬಲ್ಲವನೇ ಬಲಶಾಲಿ.

ಚೀನಾದ ಅಗ್ಗದ ಕಚ್ಚಾ ರೇಷ್ಮೆ ಹರಿದು ಬಂದಾಗ ಈ ದುರ್ಬಲತೆ ಬಯಲಾಯಿತು. 2003ರಲ್ಲಿ ಅದರ ಮೇಲೆ ಆಂಟಿ ಡಂಪಿಂಗ್ ಸುಂಕ ಹಾಕಲಾಯಿತು. ಆದರೆ 2011ರ ಕೇಂದ್ರ ಮುಂಗಡಪತ್ರದಲ್ಲಿ ಕಚ್ಚಾ ರೇಷ್ಮೆಯ ಆಮದು ಸುಂಕ ಶೇಕಡ 30ರಿಂದ ಶೇಕಡ 5ಕ್ಕೆ ಇಳಿಯಿತು. ಗೂಡಿನ ಬೆಲೆ ಕುಸಿಯಿತು. ಬೆಳೆಗಾರರು ಪ್ರತಿಭಟನೆಗೆ ಇಳಿದರು. ಅದೇ ವರ್ಷ ಪೂರ್ಣವಾಗಿ ಸಿದ್ಧಗೊಂಡು ಬರುವ ಹೊಸ ಕಾರಿನ ಆಮದು ಸುಂಕ ಎಷ್ಟಿತ್ತು ಬಲ್ಲಿರಾ? ಶೇಕಡ 60. ವಿದೇಶಿ ಕಂಪನಿಗಳು ಕಾರನ್ನು ಹಡಗಿನಲ್ಲಿ ಕಳುಹಿಸದೆ ಇಲ್ಲಿಯೇ ಕಾರ್ಖಾನೆ ಕಟ್ಟಿದ್ದಕ್ಕೆ ಈ ಎತ್ತರದ ಗೋಡೆಯೂ ಒಂದು ಕಾರಣ. ಒಂದೇ ಹೆದ್ದಾರಿಯ ಮೇಲೆ, ಒಂದೇ ಸರ್ಕಾರದ ಕೆಳಗೆ, ಕಾರಿಗೆ 60ರ ಗೋಡೆ, ಗೂಡಿಗೆ 5ರ ದಿಣ್ಣೆ. ಇದನ್ನು ಬಿರುಗಾಳಿ ಎನ್ನಲಾದೀತೇ?

ನ್ಯಾಯವಾಗಿ ಇನ್ನೊಂದು ಪಕ್ಷವನ್ನೂ ಹೇಳಬೇಕು. ಸುಂಕ ಇಳಿಸಿರೆಂದು ಕೇಳಿದವರಲ್ಲಿ ಕೈಮಗ್ಗದ ನೇಕಾರರೂ ಇದ್ದರು. ನೂಲು ದುಬಾರಿಯಾದರೆ ಅವರ ಮಗ್ಗ ನಿಲ್ಲುತ್ತದೆ. ಬಡವನ ರಕ್ಷಣೆ ಇನ್ನೊಬ್ಬ ಬಡವನ ಹೊರೆಯಾಗುವುದುಂಟು. ಗೂಡು ಬೆಳೆವವನೂ ಸೀರೆ ನೇಯುವವನೂ ಒಂದೇ ಮೇಜಿನ ಮುಂದೆ ಕುಳಿತು ಮಾತನಾಡಿದ ಬಳಿಕ ಆಗಬೇಕಾದ ನಿರ್ಣಯ ಅದು. ಕೊನೆಗೆ 2013ರಲ್ಲಿ ಸುಂಕವನ್ನು ಶೇಕಡ 15ಕ್ಕೆ ಏರಿಸಲಾಯಿತು. ಒಮ್ಮೆ ಹಾಕಿದ ಸಹಿಯೂ ಬದಲಾಗುತ್ತದೆ ಎಂಬುದಕ್ಕೆ ಇದೇ ಸಾಕ್ಷಿ.

ಚನ್ನಪಟ್ಟಣದ ಪಾಠವೂ ಇದಕ್ಕೆ ಸಮೀಪವಾದದ್ದು. ಆಲೆ ಮರವನ್ನು ಕಡೆದು, ಅರಗಿನ ಬಣ್ಣ ಹಚ್ಚಿ ಮಾಡುವ ಬೊಂಬೆಗೆ ಭೌಗೋಳಿಕ ಸೂಚಕದ ಮಾನ್ಯತೆ ಇದೆ. ಆದರೂ ಚೀನಾದ ಪ್ಲಾಸ್ಟಿಕ್ ಆಟಿಕೆಗಳು ಮಾರುಕಟ್ಟೆ ತುಂಬಿದಾಗ ಕುಶಲಕರ್ಮಿಗಳು ಸೊರಗಿದರು. 2020ರಲ್ಲಿ ಆಟಿಕೆಯ ಆಮದು ಸುಂಕ ಶೇಕಡ 20ರಿಂದ 60ಕ್ಕೆ, 2023ರಲ್ಲಿ 70ಕ್ಕೆ ಏರಿತು. ಆದರೆ ಗೋಡೆಯೊಂದೇ ಸಾಲದು. ಮರ ಬೆಳೆಸುವವರು, ಹೊಸ ವಿನ್ಯಾಸ ಕಲಿಸುವವರು, ನ್ಯಾಯವಾದ ಬೆಲೆ ಕೊಡುವವರು ಇಲ್ಲದಿದ್ದರೆ ಗೋಡೆಯೊಳಗಿನ ಸಸಿಯೂ ಒಣಗುತ್ತದೆ.

ಹಾಗಾದರೆ ಕಾರ್ಖಾನೆ ಬಂದ ಊರು ಗೆದ್ದಿತೇ? ಸಾವಿರಾರು ಜನಕ್ಕೆ ಉದ್ಯೋಗ ಬಂದಿದೆ. ಅದನ್ನು ಅಲ್ಲಗಳೆಯುವುದು ಪ್ರಾಮಾಣಿಕವಲ್ಲ. ಆದರೆ ಬಿಡದಿಯ ಕಾರು ಕಾರ್ಖಾನೆಗೆ ಕಾರ್ಮಿಕ ವಿವಾದದಿಂದಾಗಿ 2006, 2014 ಮತ್ತು 2020ರಲ್ಲಿ ಬೀಗ ಬಿದ್ದಿತ್ತು. ಕಾರ್ಲ್ ಪೊಲಾನಿ ಎಂಬ ಚಿಂತಕ 1944ರಲ್ಲಿ ಹೇಳಿದ ಮಾತು ಇಲ್ಲಿ ನೆನಪಾಗುತ್ತದೆ. ನೆಲವನ್ನೂ ದುಡಿಮೆಯನ್ನೂ ಯಾರೂ ಮಾರುವುದಕ್ಕಾಗಿ ತಯಾರಿಸಿದ್ದಲ್ಲ. ದುಡಿಮೆ ಎಂದರೆ ಮನುಷ್ಯನೇ, ನೆಲ ಎಂದರೆ ನಿಸರ್ಗವೇ. ಅವನ್ನು ಸರಕೆಂದು ಎಣಿಸಿ ಸಂತೆಗೆ ಬಿಟ್ಟರೆ ಸಮಾಜವು ತನ್ನನ್ನು ಕಾಪಾಡಿಕೊಳ್ಳಲು ಎದ್ದು ನಿಲ್ಲುತ್ತದೆ ಎಂಬುದು ಅವನ ವಾದ.

ನೆಲದ ಮಾತನ್ನು ಬೈರಮಂಗಲದ ಕೆರೆ ಹೇಳುತ್ತದೆ. ಬೆಂಗಳೂರಿನ ಕೊಳಚೆಯನ್ನೂ ಕೈಗಾರಿಕೆಗಳ ತ್ಯಾಜ್ಯವನ್ನೂ ಹೊತ್ತ ವೃಷಭಾವತಿ ಬಿಡದಿಯ ಸಮೀಪ ಈ ಕೆರೆಯನ್ನು ಸೇರುತ್ತದೆ. ಅಲ್ಲಿಂದ ಅರ್ಕಾವತಿಗೆ, ಸಂಗಮದಲ್ಲಿ ಕಾವೇರಿಗೆ. ಗದ್ದೆಗಳಿಗೆ ನೀರುಣಿಸಲು ಕಟ್ಟಿದ ಕೆರೆಯಲ್ಲಿ ನೊರೆ ತೇಲುತ್ತದೆ. ಕಾರಿನ ಬೆಲೆಯಲ್ಲಾಗಲಿ ನಗರದ ಮನೆಯ ಬಾಡಿಗೆಯಲ್ಲಾಗಲಿ ಈ ನೊರೆಯ ಲೆಕ್ಕವಿಲ್ಲ. ರಾಮನಗರ ಜಿಲ್ಲೆಗೆ ಬೆಂಗಳೂರು ದಕ್ಷಿಣ ಎಂದು ಹೆಸರು ಬದಲಾದ 2025ರಲ್ಲಿಯೇ, ಬೈರಮಂಗಲ, ಕಂಚುಗಾರನಹಳ್ಳಿ ಸುತ್ತಿನ ಜಮೀನನ್ನು ಉಪನಗರಕ್ಕಾಗಿ ಸ್ವಾಧೀನಪಡಿಸಿಕೊಳ್ಳುವ ಅಧಿಸೂಚನೆ ಹೊರಟು, ರೈತರು ಹೋರಾಟಕ್ಕೆ ಕುಳಿತರು. ನಗರದ ಕೊಳೆಯನ್ನು ದಶಕಗಳ ಕಾಲ ಹೊತ್ತ ಹಳ್ಳಿಗಳನ್ನೇ ಈಗ ನಗರವು ನೆಲವನ್ನೂ ಕೊಡಿರೆಂದು ಕೇಳುತ್ತಿದೆ.

ಇನ್ನು ನಮ್ಮ ಬೆಟ್ಟಕ್ಕೆ ಮರಳೋಣ. ಶ್ರೀಲಂಕಾದೊಡನೆ ಮಾಡಿಕೊಂಡ ಮುಕ್ತ ವ್ಯಾಪಾರ ಒಪ್ಪಂದ 2000ದಲ್ಲಿ ಜಾರಿಗೆ ಬಂದ ಬಳಿಕ, ಆ ದಾರಿಯಲ್ಲಿ ವಿಯೆಟ್ನಾಮಿನ ಕಾಳುಮೆಣಸು ಒಳಬರುತ್ತಿದೆಯೆಂದು ಬೆಳೆಗಾರರು ದೂರಿದರು. 2017ರಲ್ಲಿ ಕಿಲೋಗೆ 500 ರೂಪಾಯಿಗಳ ಕನಿಷ್ಠ ಆಮದು ಬೆಲೆ ನಿಗದಿಯಾಯಿತು. 2023ರಲ್ಲಿ ಅಡಿಕೆಯ ಕನಿಷ್ಠ ಆಮದು ಬೆಲೆಯನ್ನು 251ರಿಂದ 351 ರೂಪಾಯಿಗೆ ಏರಿಸಲಾಯಿತು. ಇವು ತಾನಾಗಿ ಆದದ್ದಲ್ಲ. ಬೆಳೆಗಾರರು ಕೇಳಿದ್ದರಿಂದ ಆದದ್ದು. ಆದರೆ ರಾಮನಗರದ ರೈತನ ಗೂಡಿಗೂ ನಮ್ಮ ಅಡಿಕೆಗೂ ಒಂದೇ ಪಟ್ಟಿಯಲ್ಲಿ ಸುಂಕ ಬರೆಯಲಾಗುತ್ತದೆ ಎಂಬುದನ್ನು ನಾವು ಮರೆತಿದ್ದೇವೆ. 2011ರಲ್ಲಿ ಅವರು ಬೀದಿಯಲ್ಲಿದ್ದಾಗ ನಾವೆಲ್ಲಿದ್ದೆವು?

ಆದ್ದರಿಂದ, ನಾಳೆ ನಿಮ್ಮ ಊರಿಗೆ ಒಂದು ಯೋಜನೆಯೋ ಒಪ್ಪಂದವೋ ಬಂದಾಗ ಮೂರು ಪ್ರಶ್ನೆ ಕೇಳಿರಿ. ಬೆಲೆಯನ್ನೂ ಸುಂಕವನ್ನೂ ಬರೆಯುವವರು ಯಾರು, ಆ ಮೇಜಿನ ಬಳಿ ನಮಗೆ ಸ್ಥಾನವಿದೆಯೇ? ನಷ್ಟ ಬಂದಾಗ ಯಾರು ಕಾಯಬಲ್ಲರು, ಯಾರು ಆ ದಿನವೇ ಮಾರಬೇಕು? ಕೊಳೆಯಾದ ನೀರು ಯಾರ ಕೆರೆಗೆ ಹರಿಯುತ್ತದೆ? ವಿದ್ಯಾರ್ಥಿ ಮಿತ್ರರು ರಜೆಯಲ್ಲಿ ಒಂದು ದಿನ ರಾಮನಗರದ ಮಾರುಕಟ್ಟೆಗೆ ಹೋಗಿ ಹರಾಜು ನೋಡಿರಿ. ಬೈರಮಂಗಲದ ಏರಿಯ ಮೇಲೆ ನಿಲ್ಲಿರಿ. ಪುಸ್ತಕದ ಸಿದ್ಧಾಂತಗಳನ್ನು ಆಮೇಲೆ ಓದಿದರೆ ಅವು ಹೆಚ್ಚು ಸ್ಪಷ್ಟವಾಗಿ ತೋರುತ್ತವೆ.