ಸಕ್ಕರೆ ಕಾಯಿಲೆ: ಗುಳಿಗೆಯೂ ಬೇಕು, ಪಥ್ಯವೂ ಬೇಕು
(ಗಿರಣಿ ಕಾರ್ಮಿಕರು ಹಾಗೂ ಚಿಲ್ಲರೆ ವರ್ತಕರ ಸಭೆಯಲ್ಲಿ ಮಾಡಿದ ಭಾಷಣ)



ಬರಿಹೊಟ್ಟೆಯಲ್ಲಿ ತೆಗೆದ ರಕ್ತದ 100 ಮಿಲಿಲೀಟರಿನಲ್ಲಿ ಸಕ್ಕರೆ 126 ಮಿಲಿಗ್ರಾಂ ಅಥವಾ ಹೆಚ್ಚೆಂದು ಎರಡು ಸಲ ಕಂಡುಬಂದರೆ ಅದು ಮಧುಮೇಹ. ನೋವಿಲ್ಲ, ಜ್ವರವಿಲ್ಲ, ಆದುದರಿಂದಲೇ ಇದು ಮೋಸದ ಕಾಯಿಲೆ. ಕಣ್ಣು, ಮೂತ್ರಪಿಂಡ, ಕಾಲಿನ ನರಗಳು ಸದ್ದಿಲ್ಲದೆ ಕೆಡುತ್ತವೆ. ಮಗ್ಗದ ಮುಂದೆ ನಿಲ್ಲುವವರಿಗೆ ಕಾಲು ಹೋದರೆ ಕೂಲಿಯೂ ಹೋಯಿತು.

ಸಾಮಾನ್ಯವಾಗಿ ಮೊದಲು ಕೊಡುವ ಗುಳಿಗೆ ಮೆಟ್‌ಫಾರ್ಮಿನ್. 1957ರಲ್ಲಿ ಫ್ರಾನ್ಸಿನ ವೈದ್ಯ ಜೀನ್ ಸ್ಟರ್ನ್ ಇದರ ಗುಣವನ್ನು ಪ್ರಕಟಿಸಿದರು. ಹಳೆಯ ಔಷಧ, ಅಗ್ಗದ ಔಷಧ. ಯಕೃತ್ತು ರಕ್ತಕ್ಕೆ ಬಿಡುವ ಸಕ್ಕರೆಯನ್ನು ಇದು ತಗ್ಗಿಸುತ್ತದೆ. ಊಟದೊಡನೆ ನುಂಗಬೇಕು. ಮೊದಮೊದಲು ಹೊಟ್ಟೆ ಕೆಟ್ಟರೆ ವೈದ್ಯರಿಗೆ ತಿಳಿಸಿ, ನೀವಾಗಿಯೇ ಬಿಡಬೇಡಿ. ಮೈ ಹಗುರವಾಯಿತೆಂದೂ ಬಿಡಬೇಡಿ.

ಆದರೆ ಗುಳಿಗೆ ನುಂಗಿ ತಟ್ಟೆ ತುಂಬ ಅನ್ನ ಉಂಡರೆ ಫಲವೇನು? ತಟ್ಟೆಯ ಅರ್ಧ ಸೊಪ್ಪು ತರಕಾರಿ, ಕಾಲು ಭಾಗ ಬೇಳೆಕಾಳು ಇಲ್ಲವೆ ಮೊಟ್ಟೆ ಮೀನು, ಉಳಿದ ಕಾಲು ಮಾತ್ರ ಅನ್ನ, ಮುದ್ದೆ ಅಥವಾ ರೊಟ್ಟಿ ಇರಲಿ. ಮುದ್ದೆಯಾದರೆ ಎಷ್ಟಾದರೂ ಉಣ್ಣಬಹುದೆಂಬುದು ತಪ್ಪು. ಬೆಲ್ಲವೂ ಸಕ್ಕರೆಯೇ. ವರ್ತಕ ಮಿತ್ರರೇ, ಲೆಕ್ಕ ನಿಮಗೇ ಚೆನ್ನಾಗಿ ಗೊತ್ತು: ದಿನಕ್ಕೆ ಆರು ಚಹಾ, ಒಂದಕ್ಕೆ ಎರಡು ಚಮಚವೆಂದರೆ ಹನ್ನೆರಡು ಚಮಚ ಸಕ್ಕರೆ! ಗಲ್ಲಾಪೆಟ್ಟಿಗೆಯ ಮುಂದೆ ಕುಳಿತೇ ಇರುವವರು ದಿನಕ್ಕೆ ಅರ್ಧ ಗಂಟೆ ನಡೆಯಲೇಬೇಕು.

ರಾತ್ರಿ ಪಾಳಿಯವರು ಊಟ ಮತ್ತು ಗುಳಿಗೆಯ ಹೊತ್ತನ್ನು ವೈದ್ಯರಲ್ಲಿ ಕೇಳಿ ಗೊತ್ತುಮಾಡಿಕೊಳ್ಳಿ. ಗ್ಲಿಮೆಪಿರೈಡ್‌ನಂಥ ಗುಳಿಗೆ ನುಂಗಿ ಊಟ ತಪ್ಪಿಸಿದರೆ ಸಕ್ಕರೆ ಕುಸಿದು ಬೆವರು, ನಡುಕ ಬರುವುದುಂಟು. ಆಗ ಕೂಡಲೆ ಸಕ್ಕರೆ ನೀರು ಕುಡಿಯಬೇಕು.

ದಿನವೂ ಪಾದ ನೋಡಿಕೊಳ್ಳಿ, ವರ್ಷಕ್ಕೊಮ್ಮೆ ಕಣ್ಣು ತೋರಿಸಿ. ಕಾಯಿಲೆಯನ್ನು ಹತೋಟಿಯಲ್ಲಿಟ್ಟವರು ಎಲ್ಲರಂತೆ ದುಡಿದು ಬಾಳಬಹುದು.